ಊರು ಬಿಡಿಸುವ ಸಾಲಿ

ಮೇ ತಿಂಗಳ ಕೊನೆ ವಾರ ಬಂತೆಂದರೆ ಕಲಬುರಗಿಯ ಹುಮನಾಬಾದ್ ಬೇಸ್, ಆಳಂದ ನಾಕಾ, ಸೇಡಂ ರಸ್ತೆಯ ಒಳಗಲ್ಲಿಗಳಲ್ಲಿ ಖೋಲಿ ಕೇಳುತ್ತ ತಿರುಗುವ ಹೆಣ್ಣುಮಕ್ಕಳು ಕಾಣುತ್ತಾರೆ. ನೌಕರಿ ಸಿಕ್ಕು ಬಂದವರಲ್ಲ. ಹೊಲ ಕಮಲಾಪುರದ ಕಡೆಗೇ ಇದೆ, ಗಂಡ ಅಲ್ಲೇ ಇದ್ದಾನೆ, ದನ ಅಲ್ಲೇ ಇವೆ. ಇವರು ಮಾತ್ರ ಒಂದು ಗ್ಯಾಸ್ ಒಲೆ, ಒಂದು ಗಂಟು ಹಾಸಿಗೆ, ಎರಡು ಮಕ್ಕಳನ್ನು ಕಟ್ಟಿಕೊಂಡು ಪಟ್ಟಣಕ್ಕೆ ಬಂದಿದ್ದಾರೆ. ಯಾಕವ್ವಾ ಅಂದರೆ "ಸಾಲಿ ಸಲುವಾಗಿ ಅಣ್ಣಾ" ಅನ್ನುತ್ತಾರೆ. ಊರಾಗ ಸಾಲಿ ಇಲ್ಲೇನು? "ಸಾಲಿ ಅದ. ಮಾಸ್ತರ್ ಇಲ್ಲ."

ಇದಕ್ಕೆ ತಿಳಿದವರು ಶಾಲೆಯ ಆಯ್ಕೆ ಎಂದು ಹೆಸರಿಟ್ಟಿದ್ದಾರೆ. ಮಗುವನ್ನು ಕರೆದುಕೊಂಡು ಊರು ಬದಲಿಸುವಾಗ ಯಾವ ಬಡಾವಣೆ, ಯಾವ ಸಿಲಬಸ್, ಮನೆಯಿಂದ ಎಷ್ಟು ದೂರ, ಎಲ್ಲ ತೂಗಿ ನೋಡಿರಿ ಎಂದು ಬುದ್ಧಿ ಹೇಳುತ್ತಾರೆ. ಈ ಬುದ್ಧಿಮಾತು ಕಿವಿಗೆ ಬಿದ್ದರೆ ನನಗೆ ಮೈ ಉರಿಯುತ್ತದೆ. ತೂಗಲಿಕ್ಕೆ ತಕ್ಕಡಿಯ ಎರಡೂ ತಟ್ಟೆಯಲ್ಲಿ ಏನಾದರೂ ಇರಬೇಕಲ್ಲ! ಊರಿನ ಶಾಲೆಯನ್ನು ಸರ್ಕಾರವೇ ಖಾಲಿ ಮಾಡಿದ ಮೇಲೆ ತಾಯಿ ಮಕ್ಕಳ ಕೈ ಹಿಡಿದು ಬಸ್ ಹತ್ತಿದರೆ ಅದು ಒಕ್ಕಲೆಬ್ಬಿಸಿದ್ದು. ಪೊಲೀಸರು ಬಂದಿಲ್ಲ, ನೋಟಿಸು ಅಂಟಿಸಿಲ್ಲ, ಅಷ್ಟೇ ವ್ಯತ್ಯಾಸ.

2025ರ ಮೇ 2ರಂದು ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯ ಫಲಿತಾಂಶ ಬಂತು. ರಾಜ್ಯದ ಸರಾಸರಿ ಶೇ 62.34. ದಕ್ಷಿಣ ಕನ್ನಡ ಶೇ 91.12. ಕಲಬುರಗಿ ಶೇ 42.43, ಪಟ್ಟಿಯ ಕಟ್ಟಕಡೆ. ಮಂಗಳೂರಿನ ಹುಡುಗಿಗೆ ಕೊಟ್ಟ ಪ್ರಶ್ನೆಪತ್ರಿಕೆಯನ್ನೇ ಮಹಾಗಾಂವದ ಹುಡುಗಿಗೂ ಕೊಟ್ಟರು. ಗಣಿತಕ್ಕೆ ಮಾಸ್ತರ್ ಕೊಡುವಾಗ ಮಾತ್ರ ಈ ಸಮಾನತೆ ಎಲ್ಲಿಗೆ ಹೋಗಿತ್ತು? ಹಿಂದಿನ ವರ್ಷ, 2024ರಲ್ಲಿ, ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರು ಮಾಡಿದರು. ಫಲಿತಾಂಶ ನೆಲಕಚ್ಚುವುದು ಕಂಡು ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿ, ಹೇಗೋ ಶೇ 73.40 ಎಂದು ತೋರಿಸಿದರು. ಮರುವರ್ಷ ಕೃಪಾಂಕ ತೆಗೆದರು, ಮುಚ್ಚಿಟ್ಟದ್ದು ಹೊರಬಿತ್ತು. ಮಕ್ಕಳು ನಕಲು ಮಾಡುತ್ತಾರೋ ಎಂದು ನೋಡಲು ಕ್ಯಾಮೆರಾ ಇದೆ. ಇಂಗ್ಲಿಷ್, ಗಣಿತ, ವಿಜ್ಞಾನದ ಪೀರಿಯಡ್‌ನಲ್ಲಿ ಖಾಲಿ ನಿಂತ ಕುರ್ಚಿಯನ್ನು ವರ್ಷವಿಡೀ ನೋಡಲು ಯಾವ ಕ್ಯಾಮೆರಾ ಇತ್ತು?

ಆ ಕುರ್ಚಿಗೆ ಅತಿಥಿ ಶಿಕ್ಷಕರನ್ನು ತಂದು ಕೂರಿಸುತ್ತಾರೆ. ತಿಂಗಳಿಗೆ ಹನ್ನೆರಡು ಸಾವಿರದ ಆಸುಪಾಸು, ಅದೂ ತಿಂಗಳು ತಿಂಗಳು ಬರುವ ಖಾತ್ರಿ ಇಲ್ಲ. ಬಿ.ಎಡ್. ಮಾಡಿದ ಆ ಹುಡುಗ-ಹುಡುಗಿಯರ ಮೇಲೆ ನನಗೆ ಸಿಟ್ಟಿಲ್ಲ. ಈ ಭಾಗದ ಎಷ್ಟೋ ಶಾಲೆಗಳು ಉಸಿರಾಡುತ್ತಿರುವುದೇ ಅವರಿಂದ. ಅವರನ್ನು ಮಾರ್ಚ್ ಮುಗಿಯುತ್ತಲೇ ಮನೆಗೆ ಕಳಿಸಿ, ಜೂನ್ ದಾಟಿದ ಮೇಲೆ ಮತ್ತೆ ಕರೆಯುವ ವ್ಯವಸ್ಥೆಯನ್ನು ಕೇಳುತ್ತಿದ್ದೇನೆ: ಮಗುವಿನ ಕಲಿಕೆಯೂ ಹಂಗಾಮಿನ ಕೂಲಿಯೇನು?

ಬೆಳಗ್ಗೆ ಕಲಬುರಗಿ–ಹುಮನಾಬಾದ್ ರಸ್ತೆಯ ಬದಿಗೆ ನಿಂತು ನೋಡಿರಿ. ಕಮಲಾಪುರ ಇರುವುದು ಸುಮಾರು ಮೂವತ್ತೈದು ಕಿಲೋಮೀಟರ್ ದೂರ. ಕಲಬುರಗಿಯಿಂದ ಹೊರಟ ಬಸ್ಸಿನಲ್ಲಿ ಸರ್ಕಾರಿ ಶಾಲೆಯ ಮಾಸ್ತರರು, ಅಕ್ಕೋರುಗಳು ಊಟದ ಡಬ್ಬಿ ಹಿಡಿದು ಹಳ್ಳಿಯ ಕಡೆ ಹೋಗುತ್ತಿರುತ್ತಾರೆ. ಎದುರಿನಿಂದ ಬರುವ ಬಸ್ಸು, ಹಳದಿ ವ್ಯಾನು, ಟಂಟಂಗಳಲ್ಲಿ ಅದೇ ಹಳ್ಳಿಗಳ ಮಕ್ಕಳು ಟೈ ಕಟ್ಟಿಕೊಂಡು ಖಾಸಗಿ ಶಾಲೆಗೆ ಬರುತ್ತಿರುತ್ತಾರೆ. ಕಲಿಸುವವರು ಅತ್ತ, ಕಲಿಯುವವರು ಇತ್ತ. ಮಾಸ್ತರರ ಮಕ್ಕಳೂ ಪಟ್ಟಣದ ಖಾಸಗಿ ಶಾಲೆಯಲ್ಲೇ ಇರುತ್ತಾರೆ. ತಾನು ಕಲಿಸುವ ಶಾಲೆಗೆ ತನ್ನ ಮಗುವನ್ನು ಹಾಕಲು ಹೆದರುವವರನ್ನು ಊರವರು ಯಾವ ಧೈರ್ಯದ ಮೇಲೆ ನಂಬಬೇಕು? 2017ರಲ್ಲಿ ಬೀದರ್–ಕಲಬುರಗಿ ರೈಲು ಬಂತು, ಕಮಲಾಪುರಕ್ಕೂ ಸ್ಟೇಷನ್ ಆಯಿತು, ಊರು ತಾಲ್ಲೂಕು ಕೇಂದ್ರವೂ ಆಯಿತು. ಇಲ್ಲಿನ ಕೆಂಪು ಬಾಳೆಗೆ ಭೌಗೋಳಿಕ ಸೂಚಿ ಸಿಕ್ಕಿತು. ಬಾಳೆಹಣ್ಣು ಈ ಮಣ್ಣಿನದೇ ಎಂದು ಕಾಯುವ ಕಾನೂನಿದೆ. ಮಗು ಈ ಮಣ್ಣಿನಲ್ಲೇ ಕಲಿಯಲಿ ಎಂದು ಕಾಯುವವರಿಲ್ಲ.

ಇನ್ನು ಊರು ಬಿಟ್ಟವರ ಗತಿ. ಇದನ್ನು ಯಾವ ಹೆಡ್ ಮಾಸ್ತರೂ ಕರೆದು ಹೇಳುವುದಿಲ್ಲ, ಆದ್ದರಿಂದ ಹೇಳುತ್ತೇನೆ. ಕರ್ನಾಟಕದ ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15 ಮೀಸಲು ಇದೆ. ಅದು ಬೇಕೆಂದರೆ 1ರಿಂದ 10ನೇ ತರಗತಿವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಕನ್ನಡ ಮಾಧ್ಯಮದವರಿಗೆ ಶೇ 5 ಇದೆ. ಅದಕ್ಕೂ ಹತ್ತು ವರ್ಷ ಕನ್ನಡದಲ್ಲೇ ಓದಿರಬೇಕು. ನವೋದಯ ವಿದ್ಯಾಲಯದಲ್ಲಿ ಕನಿಷ್ಠ ಶೇ 75 ಸೀಟು ಗ್ರಾಮೀಣ ಮಕ್ಕಳಿಗೆ. ಅದಕ್ಕೆ 3, 4, 5ನೇ ತರಗತಿ ಪೂರ್ತಿ ಹಳ್ಳಿಯ ಶಾಲೆಯಲ್ಲಿ ಆಗಿರಬೇಕು. ಮಾಸ್ತರ್ ಇಲ್ಲವೆಂದು ಮಗುವನ್ನು ನಾಲ್ಕನೇ ಇಯತ್ತೆಗೆ ಕಲಬುರಗಿಯ ಇಂಗ್ಲಿಷ್ ಮೀಡಿಯಂಗೆ ಹಾಕಿದ ತಾಯಿ ಒಂದೇ ಟಿ.ಸಿ.ಯಲ್ಲಿ ಈ ಮೂರನ್ನೂ ಕಳೆದುಕೊಂಡಳು. ಯಾರೂ ಅವಳಿಗೆ ಹೇಳಲಿಲ್ಲ. ಹುಡುಗ ಪಿಯುಸಿ ಮುಗಿಸಿ ಅರ್ಜಿ ತುಂಬುವಾಗ ಕಂಪ್ಯೂಟರ್ ಅಂಗಡಿಯವ "ನಿಮಗ ರೂರಲ್ ಬರಂಗಿಲ್ರೀ" ಅಂದಾಗಲೇ ಗೊತ್ತು. ಊರಲ್ಲೇ ಇದ್ದರೆ ಹತ್ತನೇ ಇಯತ್ತೆ ದಾಟುವುದೇ ಕಷ್ಟ, ಊರು ಬಿಟ್ಟರೆ ಹಕ್ಕು ಹೋಯಿತು. ಮೀಸಲಾತಿ ನಿಯಮ ತಪ್ಪೆಂದು ನಾನು ಹೇಳುತ್ತಿಲ್ಲ. ಹಳ್ಳಿಯಲ್ಲೇ ಉಳಿದ ಮಗುವಿಗೆ ಅದು ನ್ಯಾಯ. ಹಳ್ಳಿಯಲ್ಲಿ ಉಳಿಯುವ ಹಾಗೆ ಶಾಲೆ ನಡೆಸುವುದು ಸರ್ಕಾರದ ಪಾಲಿನ ಕೆಲಸ, ಅದನ್ನದು ಮಾಡಿಲ್ಲ.

ಶಿಕ್ಷಣ ಹಕ್ಕು ಕಾಯ್ದೆ ಇದೆಯಲ್ಲ ಅನ್ನುತ್ತೀರಿ. ಇದೆ, 2009ರದು. ಅದರ 5ನೇ ಕಲಂ ಓದಿ. ಯಾವ ಕಾರಣಕ್ಕೇ ಆಗಲಿ ಮಗು ಶಾಲೆ ಬದಲಿಸಬೇಕಾದರೆ ವರ್ಗಾವಣೆಯ ಹಕ್ಕಿದೆ, ಟಿ.ಸಿ. ತಕ್ಷಣ ಕೊಡಬೇಕು, ಟಿ.ಸಿ. ತಡವಾಯಿತೆಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ, ಸತಾಯಿಸಿದ ಮುಖ್ಯಸ್ಥರ ಮೇಲೆ ಶಿಸ್ತು ಕ್ರಮ. ಓದುತ್ತ ಎದೆ ಉಬ್ಬುತ್ತದೆ. ಅದೇ ಕಲಂನೊಳಗೆ ಇನ್ನೊಂದು ಮಾತು ಅಡಗಿ ಕೂತಿದೆ: ಈ ವರ್ಗಾವಣೆ ಹಕ್ಕು ಅನುದಾನರಹಿತ ಖಾಸಗಿ ಶಾಲೆಗೆ ಅನ್ವಯಿಸದು. ಅಂದರೆ ಮಗುವಿಗೆ ಒಂದು ಖಾಲಿ ಕುರ್ಚಿಯಿಂದ ಇನ್ನೊಂದು ಖಾಲಿ ಕುರ್ಚಿಗೆ ಹೋಗುವ ಹಕ್ಕು.

ಖಾಸಗಿ ಶಾಲೆಯ ಬಾಗಿಲು ತುಸು ತೆರೆದದ್ದು 12ನೇ ಕಲಂನ ಶೇ 25 ಸೀಟುಗಳಲ್ಲಿ. ಕರ್ನಾಟಕದಲ್ಲಿ 2012ರಿಂದ ಕೆಲವು ವರ್ಷ ಬಡವರ ಮಕ್ಕಳು ಆ ಬಾಗಿಲಿನಿಂದ ಒಳಗೆ ಹೋದರು. 2019ರ ಜನವರಿಯಲ್ಲಿ ರಾಜ್ಯ ಸರ್ಕಾರ ನಿಯಮ ತಿದ್ದಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ. ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಹಳ್ಳಿಯಲ್ಲಿ ಹಳ್ಳಿಯೇ ನೆರೆಹೊರೆ, ಪಟ್ಟಣದಲ್ಲಿ ವಾರ್ಡು. ಕಲಬುರಗಿಯ 55 ವಾರ್ಡುಗಳಲ್ಲಿ ಸರ್ಕಾರಿ ಶಾಲೆ ಇಲ್ಲದ ವಾರ್ಡು ಹುಡುಕಿ ಖೋಲಿ ಹಿಡಿಯಬೇಕೇನು ಕಮಲಾಪುರದ ತಾಯಿ? ಸರ್ಕಾರಿ ಶಾಲೆ ಉಳಿಸಲು ಹೀಗೆ ಮಾಡಿದೆವು ಎಂದರು. ಸರಿ, ಉಳಿಸಿದಿರಾ? ಬಡವರ ಮಕ್ಕಳನ್ನು ಕಟ್ಟಿಹಾಕಿದಿರಿ, ದುಡ್ಡಿದ್ದವರು ಹೋಗುವಾಗ ಒಬ್ಬರನ್ನೂ ತಡೆಯಲಿಲ್ಲ.

13ನೇ ಕಲಂ ಅಂತೂ ದೊಡ್ಡ ತಮಾಷೆ. ಡೊನೇಷನ್ ತೆಗೆದುಕೊಂಡರೆ ಅದರ ಹತ್ತು ಪಟ್ಟುವರೆಗೆ ದಂಡ. ಮಗುವಿಗೋ ತಂದೆತಾಯಿಗೋ ಇಂಟರ್‌ವ್ಯೂ ಮಾಡಿದರೆ ಮೊದಲ ಸಲ 25 ಸಾವಿರ, ಆಮೇಲೆ ಪ್ರತಿ ಸಲ 50 ಸಾವಿರದವರೆಗೆ. ಪ್ರತಿ ಏಪ್ರಿಲ್‌ನಲ್ಲಿ ನಮ್ಮ ಪಟ್ಟಣದ ಶಾಲೆಗಳ ಮುಂದೆ, ಎಣ್ಣೆ ಹಚ್ಚಿ ತಲೆ ಬಾಚಿದ ಮಕ್ಕಳನ್ನು ಇಸ್ತ್ರಿ ಅಂಗಿಯಲ್ಲಿ ನಿಲ್ಲಿಸಿಕೊಂಡು ಬೆವರುವ ಅಪ್ಪಂದಿರು ಯಾವುದಕ್ಕೆ ಕಾಯುತ್ತಿರುತ್ತಾರೆ? ಅಲ್ಲಿ ರಸೀದಿಯಲ್ಲಿ ಡೊನೇಷನ್ ಎಂಬ ಶಬ್ದ ಇರುವುದಿಲ್ಲ. ಬಿಲ್ಡಿಂಗ್ ಫಂಡ್ ಇರುತ್ತದೆ, ಅಭಿವೃದ್ಧಿ ಶುಲ್ಕ ಇರುತ್ತದೆ. ಕೆಲವು ಕಡೆ ರಸೀದಿಯೇ ಇರುವುದಿಲ್ಲ.

ಶಾಲೆಗೂ ಮೊದಲು ಮನೆ ಸಿಗಬೇಕು. ಖೋಲಿ ತೋರಿಸಿ, ಬಾಡಗಿ ಹೇಳಿ, ನೀರಿನ ಮಾತು ಮುಗಿಸಿ, ಕೊನೆಗೆ ಮಾಲಕ ಕೇಳುತ್ತಾನೆ: "ನೀವು ಯಾವ ಮಂದಿ ಆಗಬೇಕು?" ಉತ್ತರ ಕೇಳಿದ ಮೇಲೆ ಖೋಲಿ ನಿನ್ನೆಯೇ ಹೋಗಿರುತ್ತದೆ. ಹೊಲೆಯ, ಮಾದಿಗ, ಲಂಬಾಣಿ, ಮುಸ್ಲಿಂ ಅಂದರೆ ಯಾವ ಓಣಿಯಲ್ಲಿ ಬೋರ್ಡು ಇದ್ದೂ ಖೋಲಿ ಇರುವುದಿಲ್ಲ ಎಂದು ಆ ಓಣಿಯವರಿಗೇ ಗೊತ್ತು. ಒಳ್ಳೆಯ ಶಾಲೆಯ ಹತ್ತಿರ ಮನೆ ಮಾಡಿರಿ ಎಂಬ ಉಪದೇಶ ಈ ಪ್ರಶ್ನೆ ಎದುರಿಸದವರ ಬಾಯಿಂದಲೇ ಬರುವುದು. ಕಲ್ಯಾಣ ಎಂಬ ಹೆಸರನ್ನು 2019ರಲ್ಲಿ ಈ ನಾಡಿಗೆ ಇಟ್ಟರು. ಹನ್ನೆರಡನೇ ಶತಮಾನದಲ್ಲಿ ಆ ಹೆಸರಿನ ಊರಿನಲ್ಲಿ ಜಾತಿ ಕೇಳಬೇಡಿರೆಂದು ಜನ ಪ್ರಾಣ ಕೊಟ್ಟಿದ್ದರು.

ಇದು ನಮ್ಮೊಬ್ಬರ ರೋಗವಲ್ಲ ಎಂಬುದೂ ಖರೆ. ನಮ್ಮ ಎಂಜಿನಿಯರ್ ಹುಡುಗರು ಅಮೆರಿಕಕ್ಕೆ ಹೋದರೆ ಮೊದಲು ನೋಡುವುದು ಮನೆ ಯಾವ ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿದೆ ಎಂಬುದನ್ನು. ಅಲ್ಲಿ ಶಾಲೆಯ ಹಣದ ದೊಡ್ಡ ಪಾಲು ಆಯಾ ಪ್ರದೇಶದ ಆಸ್ತಿ ತೆರಿಗೆಯಿಂದ ಬರುತ್ತದೆ. ಬೆಲೆಬಾಳುವ ಮನೆಗಳಿದ್ದಲ್ಲಿ ಬೆಲೆಬಾಳುವ ಶಾಲೆ. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದ ಬಡ ಕೇರಿಯ ಡೆಮೆಟ್ರಿಯೊ ರಾಡ್ರಿಗಸ್ ಎಂಬ ತಂದೆ ಇದು ಅನ್ಯಾಯವೆಂದು ದಾವೆ ಹೂಡಿದ. 1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು, ಶಿಕ್ಷಣ ಅವರ ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ ಎಂದು ಅವನನ್ನು ಮನೆಗೆ ಕಳಿಸಿದರು. ನಮ್ಮಲ್ಲಿ 21(ಎ) ವಿಧಿಯಿಂದ ಅದು ಮೂಲಭೂತ ಹಕ್ಕು. ರಾಡ್ರಿಗಸ್‌ನ ಕೈಯಲ್ಲಿ ಇಲ್ಲದ ಆಯುಧ ನಮ್ಮ ಕೈಯಲ್ಲಿದೆ. ಆದರೂ ಅವನಂತೆಯೇ ಮನೆಗೆ ಹೋಗುತ್ತಿದ್ದೇವೆ.

ಕಮಲಾಪುರದ ಸುತ್ತಿನ ತಾಂಡಾಗಳಿಗೆ ಕಲಬುರಗಿಯ ಖೋಲಿಯೂ ದೂರದ ಮಾತು. ಸುಗ್ಗಿ ಮುಗಿಯುತ್ತಲೇ ಅವರು ಮುಂಬೈ, ಪುಣೆ, ಹೈದರಾಬಾದ್‌ಗೆ ಗೌಂಡಿ ಕೆಲಸಕ್ಕೆ ಹೋಗುತ್ತಾರೆ, ಮಕ್ಕಳೂ ಜೊತೆಗೆ. 2020ರ ಲಾಕ್‌ಡೌನಿನಲ್ಲಿ ಮಹಾರಾಷ್ಟ್ರದಿಂದ ಈ ಜಿಲ್ಲೆಗೆ ಮರಳಿದ ಮಂದಿಯನ್ನು ಕಂಡಾಗಲೇ ಪಟ್ಟಣದ ಕಣ್ಣಿಗೆ ಅವರು ಬಿದ್ದದ್ದು. ಎಲ್ಲರಿಗಿಂತ ಹೆಚ್ಚು ಊರು ಬದಲಿಸುವವರು ಇವರೇ, ಯಾವ ಶಾಲೆ ಎಂದು ಇವರನ್ನು ಕೇಳಿದವರೇ ಇಲ್ಲ. ಜೂನ್‌ನಲ್ಲಿ ಹಾಜರಿ ಪುಸ್ತಕದಲ್ಲಿರುವ ಮಗು ಡಿಸೆಂಬರ್‌ನಲ್ಲಿ ಕಟ್ಟಡದ ಮರಳು ರಾಶಿಯ ಮೇಲಿರುತ್ತದೆ. ಪುಸ್ತಕದಲ್ಲಿ ಮಾತ್ರ ಹಾಜರಿ ಮುಂದುವರಿಯುತ್ತದೆ, ಬಿಸಿಯೂಟದ ಲೆಕ್ಕಕ್ಕೆ ಬೇಕಲ್ಲ.

ಈ ಜಿಲ್ಲೆ ಅಧಿಕಾರ ಕಾಣದ್ದಲ್ಲ. ವೀರೇಂದ್ರ ಪಾಟೀಲ್, ಧರ್ಮಸಿಂಗ್ ಮುಖ್ಯಮಂತ್ರಿಗಳಾದರು. ಮಲ್ಲಿಕಾರ್ಜುನ ಖರ್ಗೆಯವರು 1976ರಲ್ಲಿ ಪ್ರಾಥಮಿಕ ಶಿಕ್ಷಣದ ರಾಜ್ಯ ಸಚಿವರಾಗಿದ್ದಾಗ ಪರಿಶಿಷ್ಟರಿಗೆ ಸೇರಬೇಕಾದ 16 ಸಾವಿರಕ್ಕೂ ಹೆಚ್ಚು ಬಾಕಿ ಶಿಕ್ಷಕ ಹುದ್ದೆಗಳು ತುಂಬಿದವು. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. 2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿದಾಗ 21 ನಮ್ಮ ಕಲಬುರಗಿ ವಿಭಾಗದಲ್ಲೇ ಸಿಕ್ಕವು. ಆಮೇಲೆ ಸಂವಿಧಾನದ 371(ಜೆ) ವಿಧಿ ಬಂತು, ಇಲ್ಲಿನ ಕಾಲೇಜು ಸೀಟಿನಲ್ಲಿ ಶೇ 70 ನಮ್ಮದಾಯಿತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಬಂತು, ವರ್ಷಕ್ಕೆ 5,000 ಕೋಟಿಯ ಘೋಷಣೆ ಬಂತು, ಅಕ್ಷರ ಆವಿಷ್ಕಾರ ಎಂಬ ಚೆಂದದ ಹೆಸರಿನ ಶಿಕ್ಷಣ ಯೋಜನೆಯೂ ಬಂತು. ಮೆಡಿಕಲ್ ಸೀಟಿನ ಮೀಸಲಾತಿ ತಲುಪಬೇಕಾದರೆ ಮೊದಲು ಹತ್ತನೇ ಇಯತ್ತೆ ದಾಟಬೇಕು. ನೂರರಲ್ಲಿ ಐವತ್ತೇಳು ಮಕ್ಕಳು ಅಲ್ಲೇ ಬಿದ್ದರೆ 371(ಜೆ) ಯಾರ ಮನೆ ಸೇರುತ್ತಿದೆ? ಕಲಬುರಗಿಯ ಬಂಗಲೆಗಳನ್ನು ಕೇಳಿರಿ. ಕಟ್ಟಡ ಕಟ್ಟಿದರೆ ಗುತ್ತಿಗೆದಾರನಿಗೆ ಪಾಲಿದೆ. ಮಾಸ್ತರನ್ನು ನೇಮಿಸಿದರೆ ಯಾರಿಗೆ ಏನು ಸಿಗುತ್ತದೆ?

ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು: ಒಂದು ನೆರೆಹೊರೆಗೆ ಒಂದು ಶಾಲೆ, ಸಾಹುಕಾರನ ಮಗುವೂ ಕೂಲಿಯ ಮಗುವೂ ಅದೇ ಬೆಂಚಿಗೆ. 2015ರ ಆಗಸ್ಟ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಇನ್ನೂ ಒರಟಾಗಿ ಹೇಳಿತು: ಸರ್ಕಾರದ ಸಂಬಳ ತಿನ್ನುವವರ ಮಕ್ಕಳು ಸರ್ಕಾರಿ ಶಾಲೆಗೇ ಹೋಗಲಿ. ಆ ಆದೇಶ ಕಾಗದದಲ್ಲೇ ಉಳಿಯಿತು. ನಮ್ಮ ತಹಶೀಲ್ದಾರರ, ಬಿಇಒ ಅವರ, ಎಂಜಿನಿಯರರ ಮಗು ಕಮಲಾಪುರದ ಸರ್ಕಾರಿ ಶಾಲೆಯ ಮೂರನೇ ಬೆಂಚಿನಲ್ಲಿ ಕೂರಲಿ, ಒಂದೇ ವಾರದಲ್ಲಿ ಗಣಿತದ ಮಾಸ್ತರ್ ಬರುತ್ತಾರೋ ಇಲ್ಲವೋ ನೋಡೋಣ.

ಅಲ್ಲಿಯವರೆಗೆ ಖೋಲಿ ಹುಡುಕುವ ಮೊದಲು ಒಂದು ಕೆಲಸ ಮಾಡಿರಿ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಆದ್ದರಿಂದ ಮೂರು ಅರ್ಜಿ ಬರೆಯಿರಿ. ನಮ್ಮ ಶಾಲೆಗೆ ಮಂಜೂರಾದ ಹುದ್ದೆ ಎಷ್ಟು, ಯಾವ ವಿಷಯದ ಹುದ್ದೆ ಯಾವ ತಾರೀಖಿನಿಂದ ಖಾಲಿ ಇದೆ? ಈ ವರ್ಷ ಟಿ.ಸಿ. ಒಯ್ದ ಮಕ್ಕಳು ಎಷ್ಟು, ಕೊಟ್ಟ ಕಾರಣಗಳೇನು? ಈ ತಾಲ್ಲೂಕಿನ ಯಾವ ಖಾಸಗಿ ಶಾಲೆಗೆ 13ನೇ ಕಲಂನಡಿ ದಂಡ ಹಾಕಿದ್ದೀರಿ, ಎಷ್ಟು? ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಬಂದ ಉತ್ತರವನ್ನು ಎಸ್‌ಡಿಎಂಸಿ ಸಭೆಯಲ್ಲಿ, ಗ್ರಾಮಸಭೆಯಲ್ಲಿ, ಓಟು ಕೇಳಲು ಬಂದವರ ಮೋರೆಯ ಮುಂದೆ ಗಟ್ಟಿಯಾಗಿ ಓದಿರಿ. ಉತ್ತರ ಬರದಿದ್ದರೆ ಮೇಲ್ಮನವಿ ಹಾಕಿರಿ, ಅದಕ್ಕೆ ಶುಲ್ಕ ಇಲ್ಲ.