ಷರತ್ತನ್ನು ಮರೆಮಾಡಿ ಉತ್ತರ ಕೇಳುವವರು

ಇಂತಹ ವಿಷಯ ಈ ಪುಟಗಳಿಗೆ ಸಲ್ಲದೆಂದು ಹೇಳುವ ಮಹನೀಯರಿದ್ದಾರೆ. ಸಂಭವನೀಯತೆಯ ಲೆಕ್ಕವೆಂದರೆ ದಾಳದ ಲೆಕ್ಕ, ಇಸ್ಪೀಟಿನ ಲೆಕ್ಕ; ಸಪ್ತವ್ಯಸನಗಳಲ್ಲಿ ದ್ಯೂತವನ್ನೇ ಮೊದಲಿಗೆಣಿಸಿ ತ್ಯಜಿಸಿದ ಶ್ರಾವಕನಿಗೆ ಅದರ ಗೊಡವೆಯೇಕೆ ಎಂಬುದು ಅವರ ವಾದ. ಮೇಲ್ನೋಟಕ್ಕೆ ಬಹಳ ಶುಚಿಯಾದ ವಾದವಿದು. 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಎಂಬ ಇಬ್ಬರು ಫ್ರೆಂಚ್ ಗಣಿತಜ್ಞರು ಜೂಜಿನ ಪಣವನ್ನು ಹಂಚುವ ಪ್ರಶ್ನೆಯ ಸುತ್ತ ಪತ್ರ ಬರೆದುಕೊಂಡಾಗ ಈ ಗಣಿತ ರೂಪುಗೊಂಡದ್ದೂ ನಿಜವೇ. ಆದರೆ ಕೆಸರಿನಲ್ಲಿ ಹುಟ್ಟಿತೆಂದು ತಾವರೆಯನ್ನು ಯಾರೂ ಬಸದಿಯ ಹೊರಗಿಟ್ಟಿಲ್ಲ. ಇಂದು ಆ ಲೆಕ್ಕ ಆಸ್ಪತ್ರೆಯ ತಪಾಸಣಾ ವರದಿಯೊಳಗಿದೆ, ನ್ಯಾಯಾಲಯದ ಸಾಕ್ಷ್ಯದೊಳಗಿದೆ. ಅಲ್ಲಿ ತಪ್ಪಿದರೆ ಕಳೆದುಹೋಗುವುದು ಪಣವಲ್ಲ, ಮನುಷ್ಯನ ಬಾಳು.

ಮೊದಲು ಒಂದು ಒಗಟು. 1990ರ ಸೆಪ್ಟೆಂಬರಿನಲ್ಲಿ ಅಮೆರಿಕದ ‘ಪರೇಡ್’ ಎಂಬ ವಾರಪತ್ರಿಕೆಯಲ್ಲಿ ಮರಿಲಿನ್ ವೋಸ್ ಸಾವಂತ್ ಎಂಬ ಅಂಕಣಕಾರ್ತಿಗೆ ಓದುಗರೊಬ್ಬರು ಹೀಗೆ ಕೇಳಿದರು. ದೂರದರ್ಶನದ ಆಟವೊಂದರಲ್ಲಿ ಮೂರು ಬಾಗಿಲುಗಳಿವೆ. ಒಂದರ ಹಿಂದೆ ಕಾರು, ಉಳಿದೆರಡರ ಹಿಂದೆ ಮೇಕೆ. ನೀವು ಒಂದನ್ನು ಆರಿಸುತ್ತೀರಿ. ಯಾವುದರ ಹಿಂದೆ ಏನಿದೆಯೆಂದು ಬಲ್ಲ ನಿರೂಪಕ ಇನ್ನೊಂದು ಬಾಗಿಲನ್ನು ತೆರೆದು ಮೇಕೆಯನ್ನು ತೋರಿಸಿ, ‘ಆಯ್ಕೆಯನ್ನು ಬದಲಿಸುವಿರಾ?’ ಎನ್ನುತ್ತಾನೆ. ಬದಲಿಸುವುದು ಲಾಭವೇ? ಲಾಭವೇ ಎಂದು ಆಕೆ ಉತ್ತರಿಸಿದರು: ಬದಲಿಸಿದರೆ ಗೆಲ್ಲುವ ಸಂಭವ ಮೂರರಲ್ಲಿ ಎರಡು, ಬದಲಿಸದಿದ್ದರೆ ಮೂರರಲ್ಲಿ ಒಂದು. ಅನಂತರ ಬಂದ ಪತ್ರಗಳು ಸುಮಾರು ಹತ್ತು ಸಾವಿರ. ಅವುಗಳಲ್ಲಿ ಸಾವಿರದಷ್ಟು ಡಾಕ್ಟರೇಟ್ ಪಡೆದವರವು. ಹೆಚ್ಚಿನವರು ಆಕೆ ತಪ್ಪೆಂದರು. ಹಲವರು ಆಕೆಯ ಬುದ್ಧಿಯನ್ನೇ ಹೀಗಳೆದರು. ಉಳಿದಿರುವುದು ಎರಡೇ ಬಾಗಿಲು, ಆದ್ದರಿಂದ ಸಂಭವ ಅರ್ಧ ಅರ್ಧ ಎಂಬುದು ಅವರೆಲ್ಲರ ಪಟ್ಟು.

ನಮ್ಮ ಮನೆಯಲ್ಲಿಯೂ ಇದು ನಡೆಯಿತು. ದಶಲಕ್ಷಣ ಪರ್ವದ ಒಂದು ಸಂಜೆ, ಹೊತ್ತು ಮುಳುಗುವ ಮುನ್ನ ಊಟ ಮುಗಿಸಿ ಕುಳಿತಿದ್ದಾಗ ಅಳಿಯಂದಿರು ಈ ಪ್ರಶ್ನೆಯನ್ನೆತ್ತಿದರು. ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದ ನಮ್ಮ ಭಾವನವರು ‘ಅರ್ಧ’ ಎಂದರು. ನಾನೂ ‘ಅರ್ಧ’ ಎಂದೆ. ಮಾತಿಗೆ ಮಾತು ಬೆಳೆಯಿತು, ದನಿ ಏರಿತು, ಯಾರು ಎಲ್ಲಿ ಓದಿದವರೆಂಬುದೂ ಹೊರಬಂತು. ಕಡೆಗೆ ತಂಗಿಯ ಮಗಳು ಮೂರು ಸ್ಟೀಲ್ ಲೋಟಗಳನ್ನು ಬೋರಲು ಹಾಕಿ, ಒಂದರ ಕೆಳಗೆ ಅಡಿಕೆಯಿಟ್ಟು ಆಡಿಸತೊಡಗಿದಳು. ಆಕೆ ಖಾಲಿ ಲೋಟವನ್ನೆತ್ತಿದ ಮೇಲೆ ಆಯ್ಕೆ ಬದಲಿಸಿದವರಿಗೇ ಮೇಲಿಂದ ಮೇಲೆ ಅಡಿಕೆ ಸಿಕ್ಕಿತು. ಆಗ ಭಾವನವರು ಸಿಟ್ಟಿನಿಂದ, ‘ಏನಮ್ಮಾ, ನೀನು ಎಲ್ಲಿದೆಯೆಂದು ತಿಳಿದೇ ಖಾಲಿ ಲೋಟ ಎತ್ತುತ್ತಿದ್ದೀಯಲ್ಲ!’ ಎಂದರು. ‘ಹೌದು ಮಾವ, ನಿರೂಪಕನೂ ತಿಳಿದೇ ತೆರೆಯುತ್ತಾನಲ್ಲ’ ಎಂದಳು ಆಕೆ. ಭಾವನವರು ಸುಮ್ಮನಾದರು. ಅಷ್ಟು ಹೊತ್ತೂ ಅವರ ಮನಸ್ಸಿನಲ್ಲಿದ್ದುದು ಕಣ್ಣುಮುಚ್ಚಿ ತೆರೆಯುವ ನಿರೂಪಕ. ಅಂದು ಉತ್ತಮ ಮಾರ್ದವದ ದಿನವಾಗಿತ್ತೆಂಬುದು ನಮಗೆಲ್ಲ ನೆನಪಾದದ್ದು ಮರುದಿನ ಬೆಳಿಗ್ಗೆ.

ಭಾವನವರು ದಡ್ಡರಾಗಿರಲಿಲ್ಲ. ಅವರ ಮನಸ್ಸಿನಲ್ಲಿದ್ದ ಆಟಕ್ಕೆ ‘ಅರ್ಧ’ವೇ ಸರಿಯುತ್ತರ. ಮುನ್ನೂರು ಬಾರಿ ಆಡಿದೆವೆಂದು ಭಾವಿಸೋಣ. ಸುಮಾರು ನೂರು ಬಾರಿ ನಮ್ಮ ಮೊದಲ ಆಯ್ಕೆಯೇ ಕಾರಾಗಿರುತ್ತದೆ, ಇನ್ನೂರು ಬಾರಿ ಮೇಕೆ. ನಿರೂಪಕ ಬಲ್ಲವನಾಗಿದ್ದು, ಪ್ರತಿಸಲವೂ ಮೇಕೆಯ ಬಾಗಿಲನ್ನೇ ತೆರೆಯಬೇಕೆಂಬ ನಿಯಮವಿದ್ದರೆ, ಆ ಇನ್ನೂರು ಸಲವೂ ಬದಲಿಸಿದವನಿಗೆ ಕಾರು. ಆದ್ದರಿಂದ ಮೂರರಲ್ಲಿ ಎರಡು. ನಿರೂಪಕ ಏನೂ ತಿಳಿಯದೆ ತೋಚಿದ್ದನ್ನು ತೆರೆಯುವವನಾದರೆ, ಆ ಇನ್ನೂರರಲ್ಲಿ ನೂರು ಸಲ ಅವನು ಕಾರನ್ನೇ ತೆರೆದು ಆಟ ಕೆಡಿಸುತ್ತಾನೆ. ಮೇಕೆ ಕಂಡ ಆಟಗಳು ಇನ್ನೂರು; ಅವುಗಳಲ್ಲಿ ನೂರರಲ್ಲಿ ಬದಲಿಸಿದವನಿಗೆ ಗೆಲುವು, ನೂರರಲ್ಲಿ ಬದಲಿಸದವನಿಗೆ. ಅರ್ಧ! ಮೂರನೆಯ ಬಗೆಯ ನಿರೂಪಕ ಕಪಟಿ: ನಾವು ಕಾರಿನ ಬಾಗಿಲನ್ನು ಆರಿಸಿದಾಗ ಮಾತ್ರ ಇನ್ನೊಂದನ್ನು ತೆರೆದು ಆಸೆ ತೋರಿಸುತ್ತಾನೆ. ಅವನ ಮುಂದೆ ಬದಲಿಸಿದವನ ಗೆಲುವು ಸೊನ್ನೆ. ಮೂರು ಆಟಗಳಲ್ಲಿಯೂ ನಮ್ಮ ಕಣ್ಣಿಗೆ ಬೀಳುವುದು ಅದೇ ತೆರೆದ ಬಾಗಿಲು, ಅದೇ ಮೇಕೆ. ಉತ್ತರ ಮಾತ್ರ ಮೂರು.

ಸಾವಂತ್ ಅವರ ಉತ್ತರ ಮೊದಲನೆಯ ನಿಯಮಕ್ಕೆ ಸಂಪೂರ್ಣ ಸರಿ. ಆದರೆ ಅಚ್ಚಾದ ಪ್ರಶ್ನೆಯಲ್ಲಿ ನಿರೂಪಕ ಬಲ್ಲವನೆಂದು ಹೇಳಿತ್ತೇ ಹೊರತು, ಪ್ರತಿಸಲವೂ ತೆರೆಯಲೇಬೇಕೆಂಬ ನಿಯಮಕ್ಕೆ ಅವನು ಕಟ್ಟುಬಿದ್ದವನೆಂದು ಹೇಳಿರಲಿಲ್ಲ. ಈ ಕೊರತೆಯನ್ನು ಎಲ್ಲರಿಗಿಂತ ಚೆನ್ನಾಗಿ ತೋರಿಸಿಕೊಟ್ಟವರು ಆ ಬಗೆಯ ಆಟವನ್ನು ವರ್ಷಗಟ್ಟಲೆ ನಡೆಸಿದ್ದ ಮಾಂಟಿ ಹಾಲ್. 1991ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಕರ್ತ ಅವರ ಮನೆಗೆ ಹೋಗಿ ಆಡಿದಾಗ, ತೆರೆಯುವ ಬಿಡುವ ಸ್ವಾತಂತ್ರ್ಯ ತನ್ನ ಕೈಯಲ್ಲಿದ್ದರೆ ಆಟಗಾರನನ್ನು ಬೇಕಾದಂತೆ ಸೋಲಿಸಬಹುದೆಂದು ಅವರು ಸೋಲಿಸಿಯೇ ತೋರಿಸಿದರು. ಡಾಕ್ಟರೇಟಿನ ಅಗತ್ಯ ಅವರಿಗೆ ಬೀಳಲಿಲ್ಲ.

ಇಷ್ಟಾದರೂ ಗಣಿತವನ್ನು ಜನಪ್ರಿಯಗೊಳಿಸುವ ಲೇಖಕರಲ್ಲಿ ಒಂದು ದುರಭ್ಯಾಸ ಬೇರೂರಿದೆ. ಷರತ್ತನ್ನು ಅರ್ಧ ನುಂಗಿ ಪ್ರಶ್ನೆ ಕೇಳುವುದು, ಓದುಗ ತಪ್ಪಿದೊಡನೆ ಮನುಷ್ಯನ ಮಿದುಳೇ ಸಂಭವನೀಯತೆಗೆ ತಕ್ಕುದಲ್ಲವೆಂದು ತೀರ್ಪು ಕೊಡುವುದು. ಇದು ಪಾಂಡಿತ್ಯದ ವೇಷ ತೊಟ್ಟ ಮಾನಕಷಾಯ. ಪಾಲ್ ಎರ್ಡೋಶ್ ಅವರಂತಹ ಮಹಾ ಗಣಿತಜ್ಞರೂ ಗಣಕಯಂತ್ರದಲ್ಲಿ ಆಟವನ್ನು ಮತ್ತೆ ಮತ್ತೆ ಆಡಿಸಿ ನೋಡುವವರೆಗೆ ಇದನ್ನು ಒಪ್ಪಿರಲಿಲ್ಲ. ಅವರನ್ನು ದಡ್ಡರೆನ್ನುವ ಧೈರ್ಯ ಯಾರಿಗಿದೆ? ಪ್ರಾಮಾಣಿಕತೆಗೆ ಮಾದರಿ ಬೇಕಾದವರು ಮಾರ್ಟಿನ್ ಗಾರ್ಡ್ನರ್ ಅವರನ್ನು ನೋಡಬೇಕು. 1959ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ನಲ್ಲಿ ಅವರು, ಇಬ್ಬರು ಮಕ್ಕಳಲ್ಲಿ ಒಬ್ಬನಾದರೂ ಗಂಡೆಂದು ತಿಳಿದಾಗ ಇಬ್ಬರೂ ಗಂಡಾಗಿರುವ ಸಂಭವವೆಷ್ಟೆಂದು ಕೇಳಿ, ಮೂರರಲ್ಲಿ ಒಂದೆಂದು ಉತ್ತರ ಕೊಟ್ಟರು. ‘ಗಂಡುಮಗುವಿದೆಯೇ?’ ಎಂದು ತಾಯಿಯನ್ನು ಕೇಳಿ ‘ಇದೆ’ ಎನಿಸಿಕೊಂಡಿದ್ದರೆ ಅದು ಸರಿ. ಇಬ್ಬರಲ್ಲಿ ಆಕಸ್ಮಿಕವಾಗಿ ಎದುರಾದ ಒಬ್ಬ ಗಂಡಾಗಿದ್ದರೆ ಉತ್ತರ ಅರ್ಧ. ಪ್ರಶ್ನೆ ಅಸ್ಪಷ್ಟವಾಗಿತ್ತೆಂದು ಗಾರ್ಡ್ನರ್ ಅದೇ ವರ್ಷ ತಾವೇ ಒಪ್ಪಿಕೊಂಡು ಬರೆದರು. ಇಂತಹ ಒಪ್ಪಿಗೆಗಳು ವಿರಳ.

ಇನ್ನು ನಮ್ಮವರ ಸರದಿ. ಇಂತಹ ಜಗಳವನ್ನು ಕಂಡೊಡನೆ ಕೆಲವರು ಕೈಯೆತ್ತಿ, ‘ಅವರವರ ದೃಷ್ಟಿಯಲ್ಲಿ ಎಲ್ಲವೂ ಸರಿ, ಇದೇ ಅನೇಕಾಂತ’ ಎಂದು ಆಶೀರ್ವದಿಸಿಬಿಡುತ್ತಾರೆ. ಅನೇಕಾಂತಕ್ಕೆ ಇದಕ್ಕಿಂತ ದೊಡ್ಡ ಅಪಚಾರವಿಲ್ಲ. ಸ್ಯಾತ್ ಎಂದರೆ ‘ಬಹುಶಃ’ ಅಲ್ಲ. ‘ಇಂತಹ ಅಪೇಕ್ಷೆಯಿಂದ’ ಎಂದರ್ಥ. ಒಬ್ಬನೇ ಪುರುಷ ಮಗನ ಅಪೇಕ್ಷೆಯಿಂದ ತಂದೆ, ತಂದೆಯ ಅಪೇಕ್ಷೆಯಿಂದ ಮಗ. ಹಾಗೆಂದು ಅದೇ ಮಗನ ಅಪೇಕ್ಷೆಯಿಂದ ತಂದೆಯೂ ಹೌದು, ತಂದೆಯಲ್ಲದವನೂ ಹೌದು ಎನ್ನಲಾಗದು. ಬಲ್ಲ ನಿರೂಪಕನ ಅಪೇಕ್ಷೆಯಿಂದ ಮೂರರಲ್ಲಿ ಎರಡೆಂಬುದು ಖಚಿತ. ಅಲ್ಲಿ ‘ಅರ್ಧ’ ಎಂಬುದು ಇನ್ನೊಂದು ದೃಷ್ಟಿಕೋನವಲ್ಲ, ಶುದ್ಧ ತಪ್ಪು. ಸ್ಯಾದ್ವಾದ ನಮ್ಮ ಮೇಲೆ ಹೊರಿಸುವ ಕೆಲಸ ಕಠಿಣವಾದುದು: ಯಾವ ಅಪೇಕ್ಷೆಯಿಂದ ಮಾತನಾಡುತ್ತಿದ್ದೇನೆಂಬುದನ್ನು ಮೊದಲು ಬಾಯಿಬಿಟ್ಟು ಹೇಳಬೇಕು. ಹಾಗೆ ಹೇಳದೆ, ಬೇರೆ ಅಪೇಕ್ಷೆಗಳನ್ನು ನಿರಾಕರಿಸುವ ಮಾತಿಗೆ ನಮ್ಮ ಆಚಾರ್ಯರು ದುರ್ನಯವೆಂದು ಹೆಸರಿಟ್ಟರು. ಆ ಹತ್ತು ಸಾವಿರ ಪತ್ರಗಳ ಬಹುಭಾಗ ದುರ್ನಯದ ಪತ್ರಗಳೇ.

ಈ ಸಂಬಂಧವನ್ನು ನಾನು ಅಭಿಮಾನಕ್ಕಾಗಿ ಹೊಸದಾಗಿ ಕಲ್ಪಿಸುತ್ತಿಲ್ಲ. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದ ಪ್ರಶಾಂತಚಂದ್ರ ಮಹಾಲನೋಬಿಸ್ ಅವರು 1954ರಲ್ಲಿ ಸಂಖ್ಯಾಶಾಸ್ತ್ರದ ತಳಹದಿಯನ್ನು ಕುರಿತು ಬರೆದ ಪ್ರಬಂಧದಲ್ಲಿ ಸಪ್ತಭಂಗಿಯನ್ನು ಸಂಭವನೀಯತೆಯ ತಾರ್ಕಿಕ ಹಿನ್ನೆಲೆಯಾಗಿ ಚರ್ಚಿಸಿದರು. 1957ರಲ್ಲಿ ಜೆ.ಬಿ.ಎಸ್. ಹಾಲ್ಡೇನ್ ಅವರು ‘ಸಂಖ್ಯಾ’ ಪತ್ರಿಕೆಯಲ್ಲಿ ಸ್ಯಾದ್ವಾದವನ್ನು ಕುರಿತೇ ಲೇಖನ ಬರೆದರು. ಆದರೆ ಇಲ್ಲಿಗೆ ನಿಲ್ಲಬೇಕು. ರಾಷ್ಟ್ರಕೂಟರ ನಾಡಿನಲ್ಲಿ ‘ಗಣಿತಸಾರಸಂಗ್ರಹ’ ರಚಿಸಿದ ಮಹಾವೀರಾಚಾರ್ಯರು ಹಲವು ವಸ್ತುಗಳಿಂದ ಕೆಲವನ್ನು ಆರಿಸುವ ಬಗೆಗಳನ್ನೆಣಿಸುವ ಸೂತ್ರ ಕೊಟ್ಟದ್ದು ಸತ್ಯ. ಅದರಿಂದ ಸಂಭವನೀಯತೆಯನ್ನೂ ಅವರೇ ಕಂಡುಹಿಡಿದರೆಂದು ವೇದಿಕೆಗಳಲ್ಲಿ ಸಾರುವುದು ಆಚಾರ್ಯರಿಗೆ ಸಲ್ಲಿಸುವ ಗೌರವವಲ್ಲ.

ಒಗಟಿನ ಮನೆಯಲ್ಲಿ ತಪ್ಪಿದವನು ಮೇಕೆಯೊಡನೆ ಮನೆಗೆ ಹೋಗುತ್ತಾನೆ. ಆಸ್ಪತ್ರೆಯಲ್ಲಿ ಹಾಗಲ್ಲ. ಸಾವಿರಕ್ಕೊಬ್ಬರಿಗೆ ಬರುವ ರೋಗ. ರೋಗವಿಲ್ಲದವರಲ್ಲಿಯೂ ನೂರಕ್ಕೆ ಐವರಿಗೆ ‘ಇದೆ’ ಎಂದು ತೋರಿಸಿಬಿಡುವ ತಪಾಸಣೆ. ಬೇರೆ ಯಾವ ಲಕ್ಷಣವೂ ತಿಳಿಯದ ಒಬ್ಬನಿಗೆ ‘ಇದೆ’ ಎಂದು ಬಂದರೆ ರೋಗ ನಿಜವಾಗಿಯೂ ಇರುವ ಸಂಭವವೆಷ್ಟು? 1978ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಾರ್ವರ್ಡ್ ವೈದ್ಯಶಾಲೆಯ ಅರುವತ್ತು ವೈದ್ಯರನ್ನೂ ವಿದ್ಯಾರ್ಥಿಗಳನ್ನೂ ಈ ಪ್ರಶ್ನೆ ಕೇಳಿದಾಗ ಸರಿಯುತ್ತರ ಕೊಟ್ಟವರು ಹನ್ನೊಂದು ಮಂದಿ. ಶೇಕಡಾ 95 ಎಂದವರು ಸುಮಾರು ಅರ್ಧದಷ್ಟು. ಲೆಕ್ಕವನ್ನು ತಲೆಗಳಲ್ಲಿ ಎಣಿಸಿ ನೋಡಿ: ಸಾವಿರ ಮಂದಿಯಲ್ಲಿ ರೋಗಿ ಒಬ್ಬ, ಉಳಿದ 999 ಮಂದಿಯಲ್ಲಿ ಸುಮಾರು ಐವತ್ತು ಮಂದಿಗೆ ಸುಳ್ಳು ವರದಿ. ‘ಇದೆ’ ಎಂದು ಬಂದ ಐವತ್ತೊಂದು ಮಂದಿಯಲ್ಲಿ ನಿಜವಾದ ರೋಗಿ ಒಬ್ಬನೇ. ಶೇಕಡಾ ಎರಡು! ಹೀಗೆ ಎಣಿಸಿ ಹೇಳಿದರೆ ಜನ ಬೇಗ ಗ್ರಹಿಸುತ್ತಾರೆಂದು ಗೆರ್ಡ್ ಗಿಗೆರೆಂಜರ್ ಮತ್ತು ಉಲ್ರಿಶ್ ಹಾಫ್ರಾಗೆ 1995ರಲ್ಲಿ ತೋರಿಸಿಕೊಟ್ಟರು. ಮಿದುಳಿನ ಮೇಲೆ ಹೊರಿಸಿದ ಅಪವಾದ ಎಷ್ಟೋ ಸಲ ಹೇಳುವ ಬಾಯಿಗೆ ಸೇರಬೇಕಾದುದು.

ಇಂಗ್ಲೆಂಡಿನಲ್ಲಿ ಸ್ಯಾಲಿ ಕ್ಲಾರ್ಕ್ ಎಂಬ ವಕೀಲೆಯ ಎರಡು ಹಸುಗೂಸುಗಳು ಒಂದಾದ ಮೇಲೊಂದರಂತೆ, 1996ರಲ್ಲಿ ಮತ್ತು 1998ರಲ್ಲಿ, ತೀರಿಕೊಂಡವು. ತಾಯಿಯೇ ಕೊಂದಳೆಂದು ಆರೋಪ ಬಂತು. ಅಂತಹ ಕುಟುಂಬದಲ್ಲಿ ಒಂದು ಶಿಶು ಕಾರಣ ತಿಳಿಯದೆ ಹಠಾತ್ತನೆ ಸಾಯುವ ಸಂಭವ 8,543ರಲ್ಲಿ ಒಂದು. ಆದ್ದರಿಂದ ಎರಡು ಶಿಶುಗಳು ಸಾಯುವ ಸಂಭವ ಅದನ್ನು ಅದರಿಂದಲೇ ಗುಣಿಸಿದಷ್ಟು, ಅಂದರೆ 7 ಕೋಟಿ 30 ಲಕ್ಷದಲ್ಲಿ ಒಂದು ಎಂದು ಹೆಸರಾಂತ ಮಕ್ಕಳ ವೈದ್ಯರೊಬ್ಬರು 1999ರಲ್ಲಿ ಸಾಕ್ಷ್ಯ ನುಡಿದರು. ಎರಡು ಸಾವುಗಳಿಗೂ ಪರಸ್ಪರ ಸಂಬಂಧವಿಲ್ಲವೆಂಬ ಷರತ್ತಿಲ್ಲದೆ ಹಾಗೆ ಗುಣಿಸಲಾಗದು. ಒಂದೇ ತಾಯಿತಂದೆ, ಒಂದೇ ಮನೆ, ಒಂದೇ ರಕ್ತ. ಆ ಷರತ್ತು ನಿಲ್ಲುತ್ತದೆಂದು ಯಾರು ಸಿದ್ಧಪಡಿಸಿದ್ದರು? ಅದಕ್ಕಿಂತ ದೊಡ್ಡ ತಪ್ಪು ಮತ್ತೊಂದಿದೆ. ತಾಯಿ ನಿರ್ದೋಷಿಯಾಗಿದ್ದರೆ ಎರಡು ಸಾವುಗಳಾಗುವ ಸಂಭವ ಒಂದು. ಎರಡು ಸಾವುಗಳಾದ ಮೇಲೆ ತಾಯಿ ನಿರ್ದೋಷಿಯಾಗಿರುವ ಸಂಭವ ಇನ್ನೊಂದು. ತಾಯಿಯೇ ಎರಡು ಶಿಶುಗಳನ್ನು ಕೊಲ್ಲುವುದೂ ಅತಿ ವಿರಳವೇ. ತೂಗಬೇಕಾಗಿದ್ದುದು ಈ ಎರಡು ವಿರಳತೆಗಳನ್ನು ಒಂದಕ್ಕೊಂದು ಎದುರಿಟ್ಟು. ತಕ್ಕಡಿಯ ಒಂದೇ ತಟ್ಟೆಯನ್ನು ತೋರಿಸಲಾಯಿತು. ಸತ್ಯಾಣುವ್ರತದ ಅತಿಚಾರಗಳಲ್ಲಿ ಮಿಥ್ಯೋಪದೇಶವನ್ನು ಮೊದಲು ಎಣಿಸಿದ್ದಾರೆ. ಆ ವೈದ್ಯರು ಬೇಕೆಂದೇ ಸುಳ್ಳು ಹೇಳಿದರೆಂದು ನಾನು ಹೇಳುವುದಿಲ್ಲ. ಬಲ್ಲವನೆಂಬ ಪೀಠದಲ್ಲಿ ಕುಳಿತು, ತನ್ನ ಮಾತು ನಿಂತಿರುವ ಷರತ್ತನ್ನು ಪರೀಕ್ಷಿಸದೆ ನುಡಿಯುವುದೂ ಪ್ರಮಾದವೇ. ಪ್ರಮಾದವೇ ಹಿಂಸೆಯ ಬೇರೆಂದು ಓದಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹನ್ನೆರಡು ಮಂದಿಯ ನ್ಯಾಯಮಂಡಲಿಯಲ್ಲಿ ಹತ್ತು ಮಂದಿ ಆಕೆಯನ್ನು ಅಪರಾಧಿಯೆಂದರು. 2000ದಲ್ಲಿ ಮೊದಲ ಮೇಲ್ಮನವಿ ಬಿದ್ದುಹೋಯಿತು. 2001ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ರಾಯಲ್ ಸ್ಟಾಟಿಸ್ಟಿಕಲ್ ಸೊಸೈಟಿ ಆ ಅಂಕಿಗೆ ಆಧಾರವಿಲ್ಲವೆಂದು ಬಹಿರಂಗವಾಗಿ ಹೇಳಬೇಕಾಯಿತು. ಎರಡನೆಯ ಶಿಶುವಿನ ದೇಹದಲ್ಲಿ ಸೋಂಕಿನ ಸುಳಿವು ಕೊಡುವ ಪರೀಕ್ಷಾ ಫಲಿತಾಂಶಗಳು ಆಕೆಯ ವಕೀಲರ ಕೈಗೆ ಸಿಕ್ಕಿರಲೇ ಇಲ್ಲವೆಂಬುದೂ ಬಯಲಾಗಿ, 2003ರ ಜನವರಿಯಲ್ಲಿ ತೀರ್ಪು ರದ್ದಾಯಿತು. ಮೂರು ವರ್ಷಕ್ಕೂ ಮೀರಿ ಸೆರೆಯಲ್ಲಿದ್ದ ಆಕೆ ಹೊರಬಂದರು; ಆದರೆ ಚೇತರಿಸಿಕೊಳ್ಳಲಿಲ್ಲ. 2007ರ ಮಾರ್ಚಿನಲ್ಲಿ, ನಲವತ್ತೆರಡರ ಪ್ರಾಯದಲ್ಲಿ ತೀರಿಕೊಂಡರು.

ಇದು ಜೂಜಿನ ಲೆಕ್ಕ, ನಮಗೆ ಬೇಡವೆಂದು ಮುಖ ತಿರುಗಿಸುವ ಮಹನೀಯರನ್ನು ನಾನು ಒಂದನ್ನೇ ಕೇಳಬಯಸುತ್ತೇನೆ: ಆ ಹನ್ನೆರಡು ಮಂದಿಯಲ್ಲಿ ತಾವೊಬ್ಬರಾಗಿದ್ದರೆ, ‘7 ಕೋಟಿ 30 ಲಕ್ಷದಲ್ಲಿ ಒಂದು’ ಎಂಬ ಮಾತು ಕಿವಿಗೆ ಬಿದ್ದಾಗ, ತಾವು ಯಾವ ಪ್ರಶ್ನೆಯನ್ನು ಕೇಳುತ್ತಿದ್ದಿರಿ?