ಪಿಎಚ್.ಡಿ.: ಸಾಧನ ಕೈಗೆ ಬಂತು, ಸಾಧನೆ?

ಮಧುಗಿರಿ: ತಾಲ್ಲೂಕಿನ ದೊಡ್ಡೇರಿಯ ಚರಿತ್ರೆ ಕುರಿತು ಪಿಎಚ್.ಡಿ. ಮಾಡಹೊರಟವರು ಅಂತರ್ಜಾಲದಲ್ಲಿ ಊರಿನ ಹೆಸರು ಹುಡುಕಿದರೆ ಮೊದಲು ಎದುರಾಗುವುದು 1695ರ ಯುದ್ಧ. ಮರಾಠ ಸೇನಾನಿ ಸಂತಾಜಿ ಘೋರ್ಪಡೆ ಮೊಘಲ್ ಸರದಾರ ಖಾಸಿಂ ಖಾನನನ್ನು ಮುತ್ತಿದ ಕದನವದು. ಆದರೆ ಅದು ನಡೆದದ್ದು ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ದೊಡ್ಡೇರಿಯಲ್ಲಿ! ಇತ್ತ, ಬಿ.ಎಲ್. ರೈಸ್ 1904ರಲ್ಲಿ ಪ್ರಕಟಿಸಿದ ತುಮಕೂರು ಜಿಲ್ಲೆಯ ಶಾಸನ ಸಂಪುಟದಲ್ಲಿ ಮಧುಗಿರಿ 'ಮದ್ದಗಿರಿ'ಯಾಗಿದೆ. ಒಂದೇ ಹೆಸರಿಗೆ ಎರಡು ಊರು, ಒಂದೇ ಊರಿಗೆ ಎರಡು ಹೆಸರು. ಈ ತೊಡಕನ್ನು ಯಂತ್ರ ಬಿಡಿಸದು.

ಸಾಧನಗಳಿಗೇನೋ ಈಗ ಬರವಿಲ್ಲ. ಇನ್‌ಫ್ಲಿಬ್‌ನೆಟ್ ನಿರ್ವಹಿಸುವ 'ಶೋಧಗಂಗಾ'ದಲ್ಲಿ ದೇಶದ ಮಹಾಪ್ರಬಂಧಗಳು ಉಚಿತವಾಗಿ ಲಭ್ಯ. ವಿಷಯ ಆರಿಸುವ ಮುನ್ನವೇ ಅಲ್ಲಿ ಕಣ್ಣಾಡಿಸಿದರೆ ಬೇರೆಯವರು ಮುಗಿಸಿದ ಕೆಲಸವನ್ನೇ ಮತ್ತೆ ಮಾಡುವುದು ತಪ್ಪುತ್ತದೆ. ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯ ಮೊತ್ತ 6,000 ಕೋಟಿ ರೂ. ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ನಿಯತಕಾಲಿಕೆಗಳನ್ನು ಒದಗಿಸುವುದು ಅದರ ಗುರಿ. ಆಕರಗಳನ್ನು ಒಪ್ಪವಾಗಿ ಜೋಡಿಸಿಡಲು 'ಝೊಟೆರೊ' ಎಂಬ ಉಚಿತ ತಂತ್ರಾಂಶವಿದೆ.

ಕೊರತೆಯಿರುವುದು ಕನ್ನಡ ಸಾಮಗ್ರಿಯಲ್ಲಿ. ಆ ಚಂದಾದಲ್ಲಿ ಬರುವ ಪತ್ರಿಕೆಗಳು ಬಹುಪಾಲು ಇಂಗ್ಲಿಷಿನವು. ತಾಲ್ಲೂಕು ಕಚೇರಿಯ ಕಡತ, ದೇವಾಲಯದ ಶಾಸನ, ಹಿರಿಯರ ನೆನಪು ಯಾವ ಚಂದಾಕ್ಕೂ ದಕ್ಕುವುದಿಲ್ಲ. ಯೂನಿಕೋಡ್‌ಗೆ ಬದಲಾಗದ ಹಳೆಯ ನುಡಿ, ಬರಹ ಅಕ್ಷರಗಳ ಕಡತಗಳು ಕನ್ನಡದ ಪದ ಹುಡುಕಾಟಕ್ಕೆ ಸಿಗುವುದೂ ಇಲ್ಲ.

ಆದ್ದರಿಂದ ಹಳೆಯ ಟಿಪ್ಪಣಿ ಚೀಟಿಯ ಪದ್ಧತಿಗೆ ಇಂದಿಗೂ ಬೆಲೆಯಿದೆ. ಒಂದು ಚೀಟಿಗೆ ಒಂದೇ ವಿಷಯ; ಜೊತೆಗೆ ಆಕರ, ಪುಟಸಂಖ್ಯೆ, ಊರು ಮತ್ತು ತಾಲ್ಲೂಕಿನ ಹೆಸರು. ಪರರ ಮಾತಿಗೆ ಉದ್ಧರಣ ಚಿಹ್ನೆ ಅಂದೇ ಬೀಳಬೇಕು. ಯುಜಿಸಿಯ 2018ರ ನಿಯಮದ ಪ್ರಕಾರ ಪ್ರಬಂಧದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ, ಶೇ. 60 ಮೀರಿದರೆ ನೋಂದಣಿಯೇ ರದ್ದು. ಎಷ್ಟೋ ವೇಳೆ ಕೃತಿಚೌರ್ಯದ ಮೂಲ ದುರುದ್ದೇಶವಲ್ಲ, ಅಸ್ತವ್ಯಸ್ತ ಟಿಪ್ಪಣಿ.

2022ರ ನಿಯಮಾವಳಿ ಪಿಎಚ್.ಡಿ.ಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ ನಿಗದಿಪಡಿಸಿದೆ. ಮರುನೋಂದಣಿಗೆ ಇನ್ನೆರಡು ವರ್ಷ ಅವಕಾಶವುಂಟು. ಓದೆಲ್ಲ ಮುಗಿದ ಮೇಲೆ ಬರೆಯೋಣವೆಂದು ಕುಳಿತವರಿಗೆ ಈ ಅವಧಿ ಸಾಲದು. ಓದಿದ ವಾರವೇ ಎರಡು ಪುಟ ಬರೆದು ಮಾರ್ಗದರ್ಶಕರಿಗೆ ತೋರಿಸುವವರು ದಡ ಸೇರುತ್ತಾರೆ.

ಚಳ್ಳಕೆರೆಯ ಯುದ್ಧ ಮಧುಗಿರಿಯ ಪ್ರಬಂಧದೊಳಗೆ ನುಸುಳಿದರೆ ಮುಂದಿನ ಸಂಶೋಧಕರು ಅದನ್ನೇ ಆಧಾರವಾಗಿ ಉಲ್ಲೇಖಿಸುತ್ತಾರೆ. ಒಂದು ಊರಿನ ಚರಿತ್ರೆ ಕೆಡಲು ಅಷ್ಟು ಸಾಕು.