ಉಗಿಯುವುದಕ್ಕೆಂದೇ ನೋಡುವವರು

2011ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾದ 13 ವರ್ಷದ ಹುಡುಗಿ ರೆಬೆಕಾ ಬ್ಲ್ಯಾಕ್ ಹಾಡಿದ ‘ಫ್ರೈಡೇ’ ಯೂಟ್ಯೂಬ್ ಸೇರಿತು. ಹಾಡು ಬರೆದು ವಿಡಿಯೊ ಮಾಡಿಕೊಟ್ಟಿದ್ದು ಆರ್ಕ್ ಮ್ಯೂಸಿಕ್ ಫ್ಯಾಕ್ಟರಿ ಎಂಬ ಸಣ್ಣ ಕಂಪನಿ. ಅದಕ್ಕೆ ಹುಡುಗಿಯ ತಾಯಿ ಕೊಟ್ಟಿದ್ದು ಸುಮಾರು 4 ಸಾವಿರ ಡಾಲರ್ ಎಂದು ಆಗ ವರದಿಯಾಗಿತ್ತು. ವಾರದ ದಿನಗಳನ್ನು ಒಂದರ ಹಿಂದೊಂದು ಹೇಳುವ ಸಾಹಿತ್ಯ, ಕಂಪ್ಯೂಟರಿನಲ್ಲಿ ತಿದ್ದಿ ತೀಡಿದ ದನಿ. ಒಂದು ತಿಂಗಳು ಅದರ ಕಡೆ ಹೆಚ್ಚಿನವರು ತಿರುಗಿಯೂ ನೋಡಲಿಲ್ಲ. ಮಾರ್ಚ್ ಎರಡನೇ ವಾರದಲ್ಲಿ ಅಮೆರಿಕದ ಕೆಲವು ಹಾಸ್ಯಗಾರರು ‘ಇದಕ್ಕಿಂತ ಕೆಟ್ಟದ್ದು ಇರಲಿಕ್ಕಿಲ್ಲ’ ಎಂಬ ಧಾಟಿಯಲ್ಲಿ ಹಂಚಿಕೊಂಡಿದ್ದೇ ತಡ, ಲೋಕವೆಲ್ಲ ಮುಗಿಬಿದ್ದಿತು. ಹಕ್ಕಿನ ತಕರಾರಿನಿಂದಾಗಿ ಜೂನ್‌ನಲ್ಲಿ ವಿಡಿಯೊ ತೆಗೆದುಹಾಕುವ ಹೊತ್ತಿಗೆ ಅದು 16 ಕೋಟಿಗೂ ಹೆಚ್ಚು ವೀಕ್ಷಣೆ ಕಂಡಿತ್ತು. ಡಿಸ್‌ಲೈಕ್‌ಗಳು 30 ಲಕ್ಷ ದಾಟಿದ್ದವು. ಮೆಚ್ಚಿದವರು ಅದರ ಕಾಲು ಭಾಗವೂ ಇರಲಿಲ್ಲ.

ಕೆಟ್ಟದ್ದೆಂದು ಮೊದಲೇ ಗೊತ್ತಿದ್ದ ಹಾಡನ್ನು ಇಷ್ಟು ಜನ ಪೂರ್ತಿ ಕೇಳಿದ್ದೇಕೆ?

ಇತರರನ್ನು ಕೀಳಾಗಿ ಕಾಣುವ ಸುಖಕ್ಕೆ ಎನ್ನುವುದು ತಟ್ಟನೆ ಹೊಳೆಯುವ ಉತ್ತರ. ಅದರಲ್ಲಿ ನಿಜವಿದೆ, ಆದರೆ ಪೂರ್ತಿ ನಿಜವಲ್ಲ. ಗೇಲಿ ಮಾಡಲು ಜೊತೆಗಾರ ಬೇಕು. ಒಂಟಿಯಾಗಿ ಕುಳಿತು ಕೆಟ್ಟ ಸಿನಿಮಾ ನೋಡುವುದು ಶಿಕ್ಷೆ. ನಾಲ್ವರು ಸೇರಿದರೆ ಅದೇ ಸಿನಿಮಾ ಹಬ್ಬ. ಒಳ್ಳೆಯದು ಯಾವುದು ಎಂಬ ಚರ್ಚೆ ಸ್ನೇಹಿತರ ನಡುವೆಯೂ ಜಗಳಕ್ಕೆ ತಿರುಗುತ್ತದೆ, ಕೆಟ್ಟದ್ದು ಯಾವುದು ಎಂಬುದರಲ್ಲಿ ಮಾತ್ರ ಒಮ್ಮತ ಎರಡೇ ನಿಮಿಷದಲ್ಲಿ ಮೂಡುತ್ತದೆ. ತನ್ನ ಅಭಿರುಚಿಯ ಬಗ್ಗೆ ಒಳಗೊಳಗೇ ಅಳುಕಿರುವವನೂ ಅಲ್ಲಿ ಧೈರ್ಯವಾಗಿ ತೀರ್ಪು ಕೊಡಬಹುದು.

ಅಮೆರಿಕದ ಮಿನಿಯಾಪೊಲಿಸ್‌ನ ಕೆಟಿಎಂಎ ಎಂಬ ಸ್ಥಳೀಯ ವಾಹಿನಿ 1988ರ ನವೆಂಬರ್‌ನಲ್ಲಿ ‘ಮಿಸ್ಟರಿ ಸೈನ್ಸ್ ಥಿಯೇಟರ್ 3000’ ಶುರು ಮಾಡಿದ್ದು ಈ ಗುಟ್ಟು ಹಿಡಿದೇ. ಜೋಯಲ್ ಹಾಡ್ಗ್‌ಸನ್ ರೂಪಿಸಿದ ಆ ಕಾರ್ಯಕ್ರಮದಲ್ಲಿ ಹಳೆಯ ಅಗ್ಗದ ಸಿನಿಮಾ ಓಡುತ್ತಿರುತ್ತದೆ. ಪರದೆಯ ಕೆಳಗಡೆ ಒಬ್ಬ ಮನುಷ್ಯನ ಮತ್ತು ರೋಬೊಟ್ ಬೊಂಬೆಗಳ ನೆರಳುಗಳು ಕುಳಿತು ಉದ್ದಕ್ಕೂ ಕಾಲೆಳೆಯುತ್ತಿರುತ್ತವೆ. ಮನೆಯಲ್ಲಿ ಒಬ್ಬನೇ ಕುಳಿತವನಿಗೂ ಗೆಳೆಯರ ಗುಂಪಿನ ನಡುವೆ ಇರುವ ಭಾವನೆ ಬರುತ್ತಿತ್ತು. ಇಂದಿನ ರಿಯಾಕ್ಷನ್ ವಿಡಿಯೊಗಳ ಮೂಲ ಸೂತ್ರವೂ ಇದೇ.

ಇಂಥ ನಗೆಯಲ್ಲಿ ಪ್ರೀತಿಯೂ ಬೆರೆಯುವುದುಂಟು. ಟಾಮಿ ವೈಸೊ ಬರೆದು, ನಿರ್ದೇಶಿಸಿ, ನಟಿಸಿದ ‘ದ ರೂಮ್’ 2003ರಲ್ಲಿ ತೆರೆಕಂಡು ಮಕಾಡೆ ಮಲಗಿತು. ಮುಂದೆ ಮಧ್ಯರಾತ್ರಿಯ ಪ್ರದರ್ಶನಗಳಿಗೆ ಜನ ಪ್ಲಾಸ್ಟಿಕ್ ಚಮಚ ಹಿಡಿದು ಬರತೊಡಗಿದರು. ಸಿನಿಮಾದಲ್ಲಿ ಮೇಜಿನ ಮೇಲಿಟ್ಟ ಚಮಚದ ಚಿತ್ರ ಕಂಡಾಗಲೆಲ್ಲ ಪರದೆಯತ್ತ ಎಸೆಯುವುದು ಅಲ್ಲಿನ ರೂಢಿ. ಸ್ವತಃ ವೈಸೊ ಈ ಪ್ರದರ್ಶನಗಳಿಗೆ ಬಂದು ಪ್ರೇಕ್ಷಕರ ಜೊತೆ ಬೆರೆಯುತ್ತಾರೆ. ನಮ್ಮಲ್ಲಿ ಕಾಂತಿ ಶಾ ಅವರ ಹಿಂದಿ ಸಿನಿಮಾ ‘ಗುಂಡಾ’ (1998) ಹಾಸ್ಟೆಲ್ ಹುಡುಗರ ನಡುವೆ ಬದುಕಿರುವುದೂ ಹೀಗೆಯೇ, ಪ್ರಾಸಬದ್ಧ ಸಂಭಾಷಣೆಗಳನ್ನು ಬಾಯಿಪಾಠ ಮಾಡಿಕೊಂಡು. ಸಮಾಜಶಾಸ್ತ್ರಜ್ಞರಾದ ಚಾರ್ಲ್ಸ್ ಮೆಕಾಯ್ ಮತ್ತು ರಾಸ್ಕೊ ಸ್ಕಾರ್ಬರೊ ‘ಕೆಟ್ಟ’ ಟಿವಿ ಕಾರ್ಯಕ್ರಮ ನೋಡುವವರನ್ನು ಮಾತನಾಡಿಸಿ 2014ರಲ್ಲಿ ಬರೆದ ಪ್ರಬಂಧದಲ್ಲಿ ಈ ವ್ಯತ್ಯಾಸವನ್ನು ಗುರುತಿಸಿದ್ದರು: ಕೆಲವರು ಅಪಹಾಸ್ಯಕ್ಕಾಗಿ ನೋಡುತ್ತಾರೆ, ಕೆಲವರು ಅದರ ಅತಿರೇಕವನ್ನೇ ಮೆಚ್ಚಿ ನೋಡುತ್ತಾರೆ, ಇನ್ನು ಕೆಲವರು ನಾಚಿಕೊಳ್ಳುತ್ತಲೇ ಇಷ್ಟಪಟ್ಟು ನೋಡುತ್ತಾರೆ.

ಸಂಜೆಯ ಧಾರಾವಾಹಿಯ ಮುಂದೆ ಕುಳಿತ ಅಜ್ಜಿ ಕೆಟ್ಟ ಅತ್ತೆಗೆ ಹಿಡಿಶಾಪ ಹಾಕುವುದು ಬೇರೆಯೇ ಮಾತು. ಆಕೆ ಕಥೆಯ ಒಳಗಿದ್ದಾಳೆ, ಅವಳ ಸಿಟ್ಟು ನಟಿಗೆ ಸಿಗುವ ಪ್ರಶಸ್ತಿ. ಪಕ್ಕದಲ್ಲಿ ಮೊಬೈಲ್ ಹಿಡಿದು ಅದೇ ದೃಶ್ಯದ ಮೀಮ್ ಮಾಡುವ ಮೊಮ್ಮಗ ತಾನು ಹೊರಗಿದ್ದೇನೆ ಎಂದುಕೊಂಡಿದ್ದಾನೆ.

ಆದರೆ ಲೆಕ್ಕ ಇಡುವವರ ಪಾಲಿಗೆ ಇಬ್ಬರೂ ಒಂದೇ. ಟಿಆರ್‌ಪಿ ಅಳೆಯುವ ಬಾರ್ಕ್ ಸಂಸ್ಥೆಯ ಮೀಟರುಗಳು ದೇಶದ 50 ಸಾವಿರಕ್ಕೂ ಹೆಚ್ಚು ಮನೆಗಳಲ್ಲಿವೆ. ಯಾವ ವಾಹಿನಿ ಓಡುತ್ತಿದೆ, ಮನೆಯ ಯಾವ ಸದಸ್ಯರು ಎಷ್ಟು ಹೊತ್ತು ನೋಡಿದರು ಎಂಬುದಷ್ಟೇ ಅವಕ್ಕೆ ಗೊತ್ತು. ನೋಡುತ್ತ ಕಣ್ಣೀರಿಟ್ಟರೋ ಉಗಿದರೋ ಎಂಬುದು ದಾಖಲಾಗುವುದಿಲ್ಲ. ‘ಬಿಗ್ ಬಾಸ್’ ನೋಡಿ ಬೈಯುವ ಮನೆಯೂ ಜಾಹೀರಾತು ದರ ನಿಗದಿಯಾಗುವಾಗ ಅದರ ಪರವಾಗಿಯೇ ಎಣಿಕೆಯಾಗುತ್ತದೆ. 2020ರ ಆರಂಭದಲ್ಲಿ ನೆಟ್‌ಫ್ಲಿಕ್ಸ್ ಎರಡು ನಿಮಿಷ ನೋಡಿದರೂ ಒಂದು ವೀಕ್ಷಣೆ ಎಂದು ಪರಿಗಣಿಸತೊಡಗಿತು. ಆ ಜುಲೈನಲ್ಲಿ ಬಂದ ‘ಇಂಡಿಯನ್ ಮ್ಯಾಚ್‌ಮೇಕಿಂಗ್’ ಸರಣಿಯಲ್ಲಿ ಮುಂಬೈನ ಸೀಮಾ ತಪಾರಿಯಾ ಬಿಳಿ ಬಣ್ಣ, ಎತ್ತರ, ಹೊಂದಾಣಿಕೆ ಎನ್ನುತ್ತ ಗಂಡು ಹೆಣ್ಣುಗಳನ್ನು ಜೋಡಿಸಲು ಹೊರಟಿದ್ದು ಭಾರತದಲ್ಲಿಯೂ ಅಮೆರಿಕದ ಭಾರತೀಯರಲ್ಲಿಯೂ ಸಿಟ್ಟು ಎಬ್ಬಿಸಿತು. ಜಾತಿಯನ್ನು ಮರೆಮಾಚಿ ತೋರಿಸಿದ ಬಗ್ಗೆ ಬಂದ ಟೀಕೆಗಳು ನ್ಯಾಯವಾದವು. ಸಿಟ್ಟಾದವರೂ ಎಂಟು ಕಂತು ಮುಗಿಸಿದರು. ಸರಣಿ ಎಮ್ಮಿ ಪ್ರಶಸ್ತಿಗೆ ನಾಮನಿರ್ದೇಶನ ಪಡೆಯಿತು, 2022ರಲ್ಲಿ ಎರಡನೇ ಸೀಸನ್ ಬಂತು, 2023ರಲ್ಲಿ ಮೂರನೆಯದೂ ಬಂತು. 2020ರಲ್ಲೇ ಬಂದ ಇನ್ನೊಂದು ಸರಣಿ ‘ಎಮಿಲಿ ಇನ್ ಪ್ಯಾರಿಸ್’ ಅನ್ನು ಫ್ರಾನ್ಸಿನ ವಿಮರ್ಶಕರು ಸವಕಲು ಕಲ್ಪನೆಗಳ ಕಂತೆ ಎಂದು ಜರೆದಿದ್ದರು. 2024ರಲ್ಲಿ ಕಥೆ ರೋಮ್‌ಗೆ ಸ್ಥಳಾಂತರವಾಗುವ ಸೂಚನೆ ಸಿಕ್ಕಾಗ ಅದನ್ನು ಪ್ಯಾರಿಸ್‌ನಲ್ಲಿಯೇ ಉಳಿಸಿಕೊಳ್ಳಲು ಹೋರಾಡುತ್ತೇವೆ ಎಂದವರು ಫ್ರಾನ್ಸ್ ಅಧ್ಯಕ್ಷ ಮ್ಯಾಕ್ರನ್!

ಸಾಮಾಜಿಕ ಜಾಲತಾಣಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. 2017ರಿಂದ ಫೇಸ್‌ಬುಕ್ ಸಿಟ್ಟಿನ ಮುಖವೂ ಸೇರಿ ಎಲ್ಲ ಎಮೋಜಿ ಪ್ರತಿಕ್ರಿಯೆಗಳಿಗೆ ಒಂದು ಲೈಕ್‌ಗಿಂತ ಐದು ಪಟ್ಟು ತೂಕ ಕೊಟ್ಟಿತ್ತು ಎಂಬುದು 2021ರಲ್ಲಿ ಹೊರಬಿದ್ದ ಆಂತರಿಕ ದಾಖಲೆಗಳಿಂದ ಬೆಳಕಿಗೆ ಬಂತು. ಯಾರಿಗೂ ಕಾಣದಿರಲಿ ಎಂದು ಸಿಟ್ಟಿನ ಮುಖ ಒತ್ತಿದವನು ಅದನ್ನು ಇನ್ನಷ್ಟು ಜನರ ಮುಂದೆ ತಳ್ಳಿದ್ದ. ಸಿಟ್ಟಿನ ಎಮೋಜಿಯ ತೂಕವನ್ನು ಕಂಪನಿ ಸೊನ್ನೆಗೆ ಇಳಿಸಿದ್ದು 2020ರಲ್ಲಿ.

ಹಾಗಾದರೆ ಗೇಲಿ ಬಿಟ್ಟುಬಿಡಬೇಕೆ? ಬೇಡ. ‘ಆದಿಪುರುಷ್’ ಟೀಸರ್ 2022ರ ಅಕ್ಟೋಬರ್‌ನಲ್ಲಿ ಬಂದಾಗ ಅದರ ಗ್ರಾಫಿಕ್ಸ್ ದೇಶದ ನಗೆಪಾಟಲಾಯಿತು. ನಿರ್ಮಾಪಕರು ಜನವರಿಯ ಬಿಡುಗಡೆಯನ್ನು ಮುಂದೂಡಿ ಮತ್ತೆ ಕೆಲಸ ಮಾಡಿಸಬೇಕಾಯಿತು. 2023ರ ಜೂನ್‌ನಲ್ಲಿ ಸಿನಿಮಾ ಬಂದ ಮೇಲೆ ಹನುಮಂತನ ಬಾಯಲ್ಲಿ ಹೇಳಿಸಿದ್ದ ಬೀದಿ ಮಾತುಗಳಿಗೆ ಜನ ಎಷ್ಟು ಛೀಮಾರಿ ಹಾಕಿದರೆಂದರೆ, ಕೆಲವೇ ದಿನಗಳಲ್ಲಿ ಸಂಭಾಷಣೆಯನ್ನೇ ಬದಲಿಸಿದರು. ನೂರಾರು ಕೋಟಿ ಸುರಿದು, ಟಿಕೆಟ್ ಮಾರಿ, ಭಕ್ತಿಯನ್ನೂ ಬಂಡವಾಳ ಮಾಡಿಕೊಂಡವರಿಗೆ ಪ್ರೇಕ್ಷಕ ಉತ್ತರ ಕೊಡುವ ದಾರಿ ಅದು. ಅಲ್ಲಿ ನಗೆ ವಿಮರ್ಶೆಯ ಕೆಲಸ ಮಾಡಿತು.

ಕೆಟ್ಟ ಹಾಡನ್ನು ಕೆಟ್ಟದ್ದೆನ್ನುವುದರಲ್ಲಿ ಅನ್ಯಾಯವಿಲ್ಲ. ಆ ನಗೆ ಕೃತಿಯನ್ನು ದಾಟಿ ವ್ಯಕ್ತಿಯ ಮೈಬಣ್ಣ, ಮನೆ, ಮಾತಿನ ಮೇಲೆ ಇಳಿದಾಗ ಅನ್ಯಾಯ ಶುರು. ಭಾರತದಲ್ಲಿ ಹೀಗಾಗುವುದಕ್ಕೆ ಬಹುಪಾಲು ವರ್ಗಭೇದವೇ ಕಾರಣ. 2020ರ ಮೇ ತಿಂಗಳಲ್ಲಿ ಯೂಟ್ಯೂಬರ್ ಕ್ಯಾರಿಮಿನಾಟಿ ಟಿಕ್‌ಟಾಕ್‌ನವರನ್ನು ಹೀಯಾಳಿಸಿ ಮಾಡಿದ ವಿಡಿಯೊಗೆ ಕೆಲವೇ ದಿನಗಳಲ್ಲಿ ಲಕ್ಷಾಂತರ ಲೈಕ್ ಬಂದವು. ಕಿರುಕುಳ ನಿಯಮದ ಉಲ್ಲಂಘನೆ ಎಂದು ಯೂಟ್ಯೂಬ್ ಅದನ್ನು ತೆಗೆದುಹಾಕಿತು. ಆ ಕಾಲದ ಟಿಕ್‌ಟಾಕ್‌ನಲ್ಲಿ ಹೊಲದ ಬದುವಿನಲ್ಲಿ, ಶೀಟಿನ ಮನೆಯ ಮುಂದೆ ಕುಣಿಯುವವರಿಗೂ ಜಾಗವಿತ್ತು. ಅವರ ಕುಣಿತದಲ್ಲಿ ತಪ್ಪಿತ್ತೋ ಇಲ್ಲವೋ, ನಗುವವರ ಕಣ್ಣು ಮೊದಲು ಬಿದ್ದಿದ್ದು ಹಿಂದಿನ ಗೋಡೆಯ ಮೇಲೆ. ಕನ್ನಡದ ಟ್ರೋಲ್ ಪುಟಗಳೂ ಇದಕ್ಕೆ ಹೊರತಲ್ಲ. ಹಕಾರ ತಪ್ಪಿದ ಉಚ್ಚಾರ, ಹಳ್ಳಿ ಹೆಂಗಸಿನ ರೀಲ್ಸ್, ಇಂಗ್ಲಿಷ್ ತಡವರಿಸುವ ಹುಡುಗ ಅಲ್ಲಿ ದಿನನಿತ್ಯದ ಸರಕು. ಓದಿದವರು ಓದದವರನ್ನು ನೋಡಿ ನಗುವುದಕ್ಕೆ ಹಾಸ್ಯ ಎಂಬ ಹೆಸರು ಕೊಟ್ಟರೆ ಅದು ಹಾಸ್ಯವಾಗಿಬಿಡುವುದಿಲ್ಲ.

‘ಬೈದರೇನು, ಫೇಮಸ್ ಆದರಲ್ಲ’ ಎಂಬ ಸಮಜಾಯಿಷಿ ಆಗಾಗ ಕೇಳಿಬರುತ್ತದೆ. ದೆಹಲಿಯ ಢಿಂಚಾಕ್ ಪೂಜಾ 2017ರಲ್ಲಿ ಸೆಲ್ಫಿ ಹಾಡಿಗೆ ನಗೆಪಾಟಲಾಗಿ, ಅದೇ ವರ್ಷ ಹಿಂದಿ ‘ಬಿಗ್ ಬಾಸ್’ ಮನೆ ಹೊಕ್ಕರು ಎಂಬುದು ನಿಜ. ಆಕೆ ವಯಸ್ಕರು, ಆಯ್ಕೆ ಅವರದು. ‘ಫ್ರೈಡೇ’ ಹುಡುಗಿಗೆ ಸಿಕ್ಕಿದ್ದು ಕೊಲೆ ಬೆದರಿಕೆ. ಪೊಲೀಸರು ತನಿಖೆ ನಡೆಸಬೇಕಾಯಿತು, ಸಹಪಾಠಿಗಳ ಕಾಟಕ್ಕೆ ಕೆಲಕಾಲ ಶಾಲೆ ಬಿಟ್ಟು ಮನೆಯಲ್ಲಿ ಓದಬೇಕಾಯಿತು. ಹಾಡಿಗೆ ಒಂಬತ್ತು ವರ್ಷ ತುಂಬಿದ 2020ರಲ್ಲಿ ಆಕೆ ಬಹಿರಂಗವಾಗಿ ಬರೆದುಕೊಂಡಿದ್ದನ್ನು ನಕ್ಕವರೆಲ್ಲ ಓದಬೇಕು. 13ನೇ ವಯಸ್ಸಿನಲ್ಲಿ ತನ್ನ ಬಗ್ಗೆಯೇ ನಾಚಿಕೆ, 15ಕ್ಕೆ ಖಿನ್ನತೆ, 17ಕ್ಕೆ ಶಾಲೆಯಲ್ಲಿ ಮೈಮೇಲೆ ಊಟ ಎಸೆದವರು, 19ಕ್ಕೆ ನಿನ್ನ ಜೊತೆ ಕೆಲಸ ಮಾಡುವುದಿಲ್ಲ ಎಂದ ಸಂಗೀತ ನಿರ್ಮಾಪಕರು. ಆಕೆ ಸೋಲಲಿಲ್ಲ. 2023ರಲ್ಲಿ ಮೊದಲ ಆಲ್ಬಂ ತಂದರು. ಆ ಗೆಲುವು ಆಕೆಯದು, ನಕ್ಕವರು ಅದರಲ್ಲಿ ಪಾಲು ಕೇಳುವಂತಿಲ್ಲ.

ಡಿಸ್‌ಲೈಕ್ ಸಂಖ್ಯೆಯನ್ನು ಯೂಟ್ಯೂಬ್ 2021ರ ನವೆಂಬರ್‌ನಲ್ಲಿ ಸಾರ್ವಜನಿಕರಿಂದ ಮರೆಮಾಡಿತು. ಸಣ್ಣ ಚಾನೆಲ್‌ಗಳ ಮೇಲೆ ಗುಂಪು ದಾಳಿ ಹೆಚ್ಚು ಎಂಬುದು ಅದು ಕೊಟ್ಟ ಕಾರಣ. ವಿಡಿಯೊ ಹಾಕಿದವರಿಗೆ ಮಾತ್ರ ಆ ಸಂಖ್ಯೆ ಈಗಲೂ ಕಾಣುತ್ತದೆ. ಕಮೆಂಟು, ಶೇರು, ಇನ್ನೊಬ್ಬರ ವಿಡಿಯೊ ಕತ್ತರಿಸಿ ತಮ್ಮ ಪುಟದಲ್ಲಿ ಹಾಕಿಕೊಳ್ಳುವ ದಂಧೆ ಹಾಗೆಯೇ ಉಳಿದಿವೆ. ಲಕ್ಷಗಟ್ಟಲೆ ಅನುಯಾಯಿಗಳಿರುವ ಕನ್ನಡದ ಟ್ರೋಲ್ ಪುಟಗಳು 18 ತುಂಬದವರ ವಿಡಿಯೊ ಎತ್ತಿಕೊಳ್ಳುವುದನ್ನು ಇವತ್ತೇ ನಿಲ್ಲಿಸಬಹುದು. ಈಗಾಗಲೇ ಹಾಕಿರುವುದನ್ನು ಅಳಿಸಬಹುದು. ಅದಕ್ಕೆ ಯಾವ ಕಂಪನಿಯ ಅನುಮತಿಯೂ ಬೇಕಿಲ್ಲ.